ಸುಬಾಥು ಕಲ್ಲು, ಕಪ್ಪತಗುಡ್ಡದ ಕಲ್ಲು: ಖಂಡಗಳ ಡಿಕ್ಕಿಗೆ ತಾರೀಕು ಹುಡುಕಿದ ಒಂದು ಪ್ರಕರಣ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಧಾರವಾಡದ ನಮ್ಮ ಮನೆಗೆ ಪಿಯುಸಿ ಓದುವ ಒಬ್ಬ ಹುಡುಗ ಬಂದ. ಅವನ ಊರು ರಾಣೆಬೆನ್ನೂರು ಹತ್ತಿರದ ಹಳ್ಳಿ. ಇಲ್ಲಿ ಹಾಸ್ಟೆಲಿನಲ್ಲಿ ಇರುತ್ತಾನೆ. ಕೈಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಕಲ್ಲು ಇತ್ತು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ಒಂದು ಕಡೆ ಕುಂಕುಮದ ಕಲೆ.

"ಸರ್, ನಮ್ಮ ಅಜ್ಜ ಮಿಲಿಟರಿಯೊಳಗ ಇದ್ದಾಗ ಹಿಮಾಲಯದಿಂದ ತಂದದ್ದು ಇದು. ದೇವರ ಜಗಲಿ ಮ್ಯಾಲೆ ಇತ್ತು. ಇದರಾಗ ನಾಣ್ಯ ಅದಾವ್ರಿ."

ಅದರ ಜೊತೆಗೆ ಒಂದು ಚಾರ್ಟ್ ತಂದಿದ್ದ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ತಯಾರಿ ನಡೆದಿತ್ತು. ಚಾರ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದ್ದ: "ಈ ಕಲ್ಲಿನಲ್ಲಿರುವ ಪಳೆಯುಳಿಕೆಗೆ 5 ಕೋಟಿ ವರ್ಷ. ಆದ್ದರಿಂದ ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು 5 ಕೋಟಿ ವರ್ಷದ ಹಿಂದೆ."

ಮೊದಲ ವಾಕ್ಯ ಹೆಚ್ಚುಕಡಿಮೆ ಸರಿ ಇರಬಹುದು ಅನ್ನಿಸಿತು. ಎರಡನೆಯದರಲ್ಲಿ ಇದ್ದ ಅಂಕಿಯೂ ಪುಸ್ತಕದ ಅಂಕಿಗೆ ಹತ್ತಿರವೇ ಇತ್ತು. ಆದರೆ ನಡುವೆ ಇದ್ದ "ಆದ್ದರಿಂದ" ತಪ್ಪು. ಉತ್ತರ ಸರಿ ಬಂದಾಗ ದಾರಿ ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಎರಡು ತಿಂಗಳು ನಾವು ಆ ಒಂದು ಪದವನ್ನು ಸರಿ ಮಾಡುತ್ತ ಕೂತೆವು. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹುಡುಗನಿಗೆ ನಾನು ಮೊದಲು ಕೇಳಿದ್ದು ಎವರೆಸ್ಟ್ ಬಗ್ಗೆ. ಎವರೆಸ್ಟ್ ತುದಿಯ ಕಲ್ಲು ಸಮುದ್ರದ ತಳದಲ್ಲಿ ಕೂಡಿದ ಸುಣ್ಣಕಲ್ಲು. ಅದರಲ್ಲಿ ಟ್ರೈಲೊಬೈಟ್, ಕ್ರಿನಾಯ್ಡ್ ಎಂಬ ಸಮುದ್ರ ಜೀವಿಗಳ ಚೂರುಗಳು ಸಿಕ್ಕಿವೆ. ಅವಕ್ಕೆ 45 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. "ಹಂಗಾದ್ರ ನಿನ್ನ ಲೆಕ್ಕದ ಪ್ರಕಾರ ಡಿಕ್ಕಿ 45 ಕೋಟಿ ವರ್ಷದ ಹಿಂದೆ ಆಗಬೇಕಲ್ಲ, ತಮ್ಮಾ?" ಅಂದೆ. ಸುಮ್ಮನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ, "ಪಳೆಯುಳಿಕೆ ಸಮುದ್ರದ ವಯಸ್ಸು ಹೇಳ್ತದ, ಗುಡ್ಡದ್ದಲ್ಲ" ಅಂದ. ಅಲ್ಲಿಂದ ಕೆಲಸ ಶುರುವಾಯಿತು.

ಅಜ್ಜನ ಸಾಕ್ಷಿ

ಮನೆಯಲ್ಲಿ ಇಟ್ಟ ಕಲ್ಲಿನ ದೊಡ್ಡ ತೊಂದರೆ ಅಂದರೆ ಅದರ ಜಾಗ ಗೊತ್ತಿರುವುದಿಲ್ಲ. ಪದರಗಲ್ಲಿನ ವಿಷಯದಲ್ಲಿ ಕಲ್ಲಿಗಿಂತ ಅದರ ಕೆಳಗೆ ಏನಿತ್ತು, ಮೇಲೆ ಏನಿತ್ತು ಅನ್ನುವುದೇ ಮುಖ್ಯ. ಹಾಗಾಗಿ ಅಜ್ಜನಿಗೆ ಫೋನ್ ಹಚ್ಚಿದೆವು. ಅವರಿಗೆ ಎಪ್ಪತ್ತು ದಾಟಿದೆ. ಸೇನೆಯ ಇಂಜಿನಿಯರ್ ದಳದಲ್ಲಿ ರಸ್ತೆ ಕೆಲಸ ಮಾಡಿದವರು.

"ಕಾಕಾರ, ಈ ಕಲ್ಲು ಎಲ್ಲಿ ಸಿಕ್ಕಿತ್ತು ನೆನಪೈತೇನ್ರಿ?"

"ಯಾಕ ಇಲ್ರಿ ಸರ್. ಹಿಮಾಚಲದಾಗ ಸುಬಾಥು ಅಂತ ಐತಿ. ಅಲ್ಲೆ ದಂಡಿನ ಠಾಣೇದ ಕೆಳಗ ರಸ್ತೆ ಕಡೀತಿದ್ವಿ. ಹಸರು ಹಸರು ಮಣ್ಣಿನ ಕಲ್ಲು, ಕೈಲೆ ಮುಟ್ಟಿದ್ರ ಪುಡಿಪುಡಿ. ಅದರ ನಡುವ ಗಟ್ಟಿ ಬೂದಿ ಕಲ್ಲಿನ ಪಟ್ಟಿ. ಅದನ್ನ ಒಡದಾಗ ಇದು ಬಂತು."

"ಅದರ ಮ್ಯಾಲೆ?"

"ಮ್ಯಾಲೆ ದಗ್ಶಾಯಿ ಕಡೆ ಹೋದ್ರ ಪೂರಾ ಕೆಂಪು. ನಮ್ಮ ಮಸಾರಿ ಹೊಲ ಇದ್ದಂಗ. ಇನ್ನೂ ಮ್ಯಾಲೆ ಕಸೌಲಿಯೊಳಗ ಬೂದಿ ಮರಳುಗಲ್ಲು."

ನನಗೆ ಮೈ ಝುಮ್ ಅಂದಿತು. ಸುಬಾಥು, ದಗ್ಶಾಯಿ, ಕಸೌಲಿ ಮೂರೂ ಸೋಲನ್ ಜಿಲ್ಲೆಯ ದಂಡಿನ ಊರುಗಳು. ಭೂವಿಜ್ಞಾನದಲ್ಲಿ ಇವು ಮೂರು ಪದರಗಳ ಹೆಸರುಗಳೂ ಹೌದು. ಕೆಳಗೆ ಸುಬಾಥು, ಅದರ ಮೇಲೆ ದಗ್ಶಾಯಿ, ಅದರ ಮೇಲೆ ಕಸೌಲಿ. ಮೆಡ್ಲಿಕಾಟ್ ಎಂಬ ಭೂವಿಜ್ಞಾನಿ 1860ರ ದಶಕದಲ್ಲಿ ಇವನ್ನು ವರ್ಣಿಸಿದ್ದ. ಒಂದಕ್ಷರ ಭೂವಿಜ್ಞಾನ ಓದದ ಈ ಹಿರಿಯರು ಗುದ್ದಲಿ ಹಿಡಿದು ಅದೇ ಕ್ರಮವನ್ನು ಕಂಡುಕೊಂಡಿದ್ದರು.

ಕಲ್ಲು ಕೊಯ್ಯಲು ಅವರ ಒಪ್ಪಿಗೆಯೂ ಬೇಕಿತ್ತು. ಪೂಜೆಗೆ ಇಟ್ಟ ಕಲ್ಲು ಅದು. "ಕೊಯ್ಯಿರಿ. ಅರ್ಧ ನನಗ ಕಳಸ್ರಿ" ಅಂದರು.

ಕಲ್ಲಿನೊಳಗೆ

ಹುಬ್ಬಳ್ಳಿಯಲ್ಲಿ ಗ್ರಾನೈಟ್ ಕೊಯ್ಯುವ ಅಂಗಡಿಯೊಂದರಲ್ಲಿ ಎರಡು ಹೋಳು ಮಾಡಿಸಿದೆವು. ಮನೆಗೆ ತಂದು, ದಪ್ಪ ಗಾಜಿನ ಮೇಲೆ ನೀರು ಮತ್ತು ಕಾರ್ಬೊರಂಡಂ ಪುಡಿ ಹಾಕಿ ಉಜ್ಜಿದೆವು. ಮೊದಲು ಒರಟು ಪುಡಿ, ಆಮೇಲೆ ನಯ. ಮೂರು ಸಂಜೆ ಬೇಕಾಯಿತು. ಕೊಯ್ದಾಗ ಉದುರಿದ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆ ಎದ್ದವು. ಸುಣ್ಣಕಲ್ಲು ಅಂತ ಖಾತ್ರಿಯಾಯಿತು.

ಒದ್ದೆ ಮುಖವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದಾಗ ಹುಡುಗ ಐದು ನಿಮಿಷ ಮಾತಾಡಲಿಲ್ಲ. ಇಡೀ ಕಲ್ಲು ಚಿಪ್ಪುಗಳ ರಾಶಿ. ಚಿಕ್ಕವು ಕಡಲೆಬೇಳೆಯಷ್ಟು, ದೊಡ್ಡವು ಅಂಗಿ ಗುಂಡಿಯಷ್ಟು. ಅಡ್ಡ ಕೊಯ್ದವು ಸೋರೆ ಬೀಜದ ಹಾಗೆ ನಡುವೆ ಉಬ್ಬಿ ಎರಡು ತುದಿಗೆ ಚೂಪಾಗಿದ್ದವು. ಮಟ್ಟಸವಾಗಿ ಕೊಯ್ದವುಗಳಲ್ಲಿ ಚಕ್ಕುಲಿಯ ಸುತ್ತು. ಪ್ರತಿ ಸುತ್ತಿನಲ್ಲೂ ಸಣ್ಣ ಸಣ್ಣ ಕೋಣೆಗಳು, ಸಾಲಾಗಿ, ಒಂದರ ಪಕ್ಕ ಒಂದು. ನಡುವಿನ ಮೊದಲ ಕೋಣೆ ಕೆಲವದರಲ್ಲಿ ಸೂಜಿಮೊನೆಯಷ್ಟು, ಕೆಲವದರಲ್ಲಿ ಸಾಸಿವೆಯಷ್ಟು.

ಇವು ನುಮ್ಮುಲೈಟ್‌ಗಳು. ಇಡೀ ಜೀವಿ ಒಂದೇ ಒಂದು ಜೀವಕೋಶ. ಆ ಒಂದು ಕೋಶ ಇಷ್ಟು ದೊಡ್ಡ ಮನೆ ಕಟ್ಟಿಕೊಂಡು ಬೆಚ್ಚಗಿನ, ತಿಳಿಯಾದ, ಬಿಸಿಲು ತಳ ಮುಟ್ಟುವಷ್ಟು ಆಳದ ಸಮುದ್ರದಲ್ಲಿ ಬದುಕುತ್ತಿತ್ತು. ಲ್ಯಾಟಿನ್ನಿನಲ್ಲಿ ಈ ಹೆಸರಿನ ಅರ್ಥವೇ ಚಿಕ್ಕ ನಾಣ್ಯ. ಹುಡುಗನ ಮನೆಯವರು ನಾಣ್ಯ ಅಂದದ್ದು ಸರಿಯಾಗೇ ಇತ್ತು. ಈಜಿಪ್ಟಿನ ಪಿರಮಿಡ್ಡಿನ ಕಲ್ಲಿನಲ್ಲೂ ಇವೇ ಇವೆ.

ವಯಸ್ಸು ಹೇಳಲು ಎಲ್ಲ ಪಳೆಯುಳಿಕೆಯೂ ಬರುವುದಿಲ್ಲ. ಬೇಗ ಬೇಗ ರೂಪ ಬದಲಿಸಿದ, ದೂರದೂರಕ್ಕೆ ಹರಡಿದ, ಸಿಕ್ಕಾಪಟ್ಟೆ ಸಂಖ್ಯೆಯಲ್ಲಿ ಸಿಗುವ ಜೀವಿ ಬೇಕು. ನುಮ್ಮುಲೈಟ್ ಈ ಮೂರಕ್ಕೂ ಸೈ. ಸ್ಪೇನಿನಿಂದ ಜಾವಾವರೆಗೆ ಸಿಗುತ್ತದೆ. ತಜ್ಞರು ಸುತ್ತುಗಳ ಅಂತರ, ಮೊದಲ ಕೋಣೆಯ ಅಳತೆ, ಗೋಡೆಯ ಬಾಗು ನೋಡಿ ಪ್ರಭೇದ ಹೇಳುತ್ತಾರೆ. ಪ್ರಭೇದ ಸಿಕ್ಕರೆ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷಗಳ ಅಂತರದಲ್ಲಿ ಹೇಳಬಹುದು.

ನಮಗೆ ಅಷ್ಟು ಆಗಲಿಲ್ಲ. ಆದರೆ ಒಂದು ಉಪಾಯ ಇತ್ತು. ಕಲ್ಲಿನ ಹೊರಮೈಯಲ್ಲಿ ಬಿಸಿಲು ಮಳೆಗೆ ಎದ್ದು ಬಂದ ಕೆಲವು ಚಿಪ್ಪುಗಳು ಬೇರೆ ಥರ ಇದ್ದವು. ಚಪ್ಪಟೆ, ನಡುವೆ ಉಬ್ಬಿಲ್ಲ, ಸುತ್ತಿನ ಗೆರೆ ಹೊರಗಿನಿಂದಲೇ ಕೈಗೆ ಸಿಗುತ್ತದೆ. ಅವು ಅಸಿಲಿನಾ, ನುಮ್ಮುಲೈಟಿನ ನೆಂಟರು. ಅಸಿಲಿನಾ ಬಂದದ್ದು ಸುಮಾರು 5.8 ಕೋಟಿ ವರ್ಷದ ಹಿಂದೆ, ಹೋದದ್ದು ಸುಮಾರು 4 ಕೋಟಿ ವರ್ಷದ ಹಿಂದೆ. ನುಮ್ಮುಲೈಟ್ ಅದಕ್ಕಿಂತ ಈಚೆಗೂ ಬದುಕಿತ್ತು. ಇಬ್ಬರೂ ಒಂದೇ ಕಲ್ಲಿನಲ್ಲಿ ಇದ್ದಾರೆ ಅಂದರೆ ಇಬ್ಬರೂ ಒಟ್ಟಿಗೆ ಬದುಕಿದ್ದ ಕಾಲದ್ದೇ ಆ ಕಲ್ಲು. ಹಳೇ ಗ್ರೂಪ್ ಫೋಟೋ ಸಿಕ್ಕಾಗ "ಇದರಾಗ ದೊಡ್ಡಪ್ಪನೂ ಇದ್ದಾನ, ಸಣ್ಣ ಸೊಸಿನೂ ಇದ್ದಾಳ" ಅಂತ ಇಸವಿ ಹಿಡಿಯುತ್ತೇವಲ್ಲ, ಹಾಗೆ. ನಮಗೆ ಸಿಕ್ಕಿದ್ದು 5.8ರಿಂದ 4 ಕೋಟಿ. ಚಾರ್ಟಿನ "5 ಕೋಟಿ" ಅದರ ನಡುವೆ ಬರುತ್ತದೆ. ಅಷ್ಟೇ ಹೇಳಬಹುದು.

ಹಳ್ಳದ ಎರಡು ದಂಡೆ

ಈಗ ನಿಜವಾದ ಪ್ರಶ್ನೆ. ಸಮುದ್ರ ಇತ್ತು ಅಂತ ಗೊತ್ತಾಯಿತು. ಡಿಕ್ಕಿ ಯಾವಾಗ?

ಡಿಕ್ಕಿ ತನ್ನ ತಾರೀಕನ್ನು ಎಲ್ಲೂ ಬರೆದಿಡುವುದಿಲ್ಲ. ಬೆಟ್ಟದ ಬೇರಿನಲ್ಲಿದ್ದ ಕಲ್ಲು ಬೆಂದು, ಕರಗಿ, ಮಡಚಿ ಹೋಗಿರುತ್ತದೆ. ಎರಡು ಖಂಡಗಳ ನಡುವಿನ ಸಮುದ್ರದಲ್ಲಿ ವರ್ಷ ವರ್ಷ ಕೂಡಿದ ಹೂಳು ಮಾತ್ರ ಕ್ರಮವಾಗಿ ಲೆಕ್ಕ ಇಟ್ಟಿರುತ್ತದೆ. ಆ ಹೂಳಿಗೆ ಕೇಳಬೇಕು.

ಹುಡುಗನಿಗೂ ಪ್ರದರ್ಶನದ ಅವನ ತಂಡದವರಿಗೂ ನಾನು ಹೇಳಿದ್ದು ಹೀಗೆ. ಒಂದು ಹಳ್ಳ ಇದೆ ಅಂದುಕೊಳ್ಳಿ. ಒಂದು ದಂಡೆ ನವಲಗುಂದ ಕಡೆಯ ಎರೆ ಹೊಲ, ಇನ್ನೊಂದು ದಂಡೆ ಧಾರವಾಡದ ಮಸಾರಿ. ಹಳ್ಳ ಅಗಲವಾಗಿದ್ದಷ್ಟು ದಿನ ಎರೆ ದಂಡೆಯ ಹೂಳೆಲ್ಲ ಕಪ್ಪು, ಮಸಾರಿ ದಂಡೆಯದು ಕೆಂಪು. ಹಳ್ಳ ಕಿರಿದಾಗುತ್ತ ಬಂತು. ಒಂದು ದಿನ ಕಪ್ಪು ದಂಡೆಯ ಹೂಳಿನಲ್ಲಿ ಕೆಂಪು ಕಾಳು ಕಾಣಿಸಿತು. ಆಚೆ ದಂಡೆ ಈಚೆ ಮುಟ್ಟಿದೆ ಅಂತ ಆ ಕಾಳು ಹೇಳುತ್ತದೆ. ಇನ್ನೂ ನೀರು ಇದೆ, ಶಂಖುಹುಳ ಇದೆ. ಆಮೇಲೆ ಹಳ್ಳ ಪೂರ್ತಿ ಮುಚ್ಚಿತು. ಕೊನೆಯ ಶಂಖುಹುಳದ ಚಿಪ್ಪು ಇರುವ ಪದರ ನೀರು ಬತ್ತಿದ ಕಾಲ ಹೇಳುತ್ತದೆ. ಇವು ಎರಡು ಬೇರೆ ಬೇರೆ ತಾರೀಕು. ಮೊದಲನೆಯದು ಮುಟ್ಟಿದ್ದು, ಎರಡನೆಯದು ಮುಚ್ಚಿದ್ದು. ಚಾರ್ಟಿನಲ್ಲಿ ಇವೆರಡೂ ಕಲಸಿ ಹೋಗಿದ್ದವು.

ಹಿಮಾಲಯದಲ್ಲಿ ಇದು ನಿಜವಾಗಿ ಹೇಗೆ ಕಾಣುತ್ತದೆ ನೋಡಿ. ಭಾರತದ ಉತ್ತರ ಅಂಚಿನಲ್ಲಿ ಕೋಟ್ಯಂತರ ವರ್ಷ ಕೂಡಿದ ಮರಳು ನಮ್ಮದೇ ಖಂಡದ್ದು, ಬಿಳಿ ಬೆಣಚುಕಲ್ಲಿನದು. ಆಚೆ ಏಷ್ಯಾದ ಅಂಚಿನಲ್ಲಿ ಜ್ವಾಲಾಮುಖಿಗಳ ಸಾಲು. ಅದರ ಮರಳಿನಲ್ಲಿ ಲಾವಾದ ಚೂರುಗಳು, ಹೊಸ ಜಿರ್ಕಾನ್ ಹರಳುಗಳು (ಈ ಹರಳಿನಿಂದ ವಯಸ್ಸು ಹೇಳಬಹುದು, ಹೇಗೆ ಅಂತ ಮುಂದೆ ಬರುತ್ತದೆ). ಟಿಬೆಟಿನ ಸಾಂಗ್ದಾನ್‌ಲಿನ್ ಎಂಬಲ್ಲಿ ಭಾರತದ ಕಡೆಯ ಆಳ ಸಮುದ್ರದ ಪದರಗಳಿವೆ. ಅಲ್ಲಿ ಬಿಳಿ ಮರಳಿನ ಮೇಲೆ ಥಟ್ಟನೆ ಏಷ್ಯಾದ ಮರಳು ಬರುತ್ತದೆ. ಆ ಪದರಗಳ ನಡುವೆ ರೇಡಿಯೊಲೇರಿಯಾ ಎಂಬ ಸೂಕ್ಷ್ಮ ಜೀವಿಗಳ ಗಾಜಿನಂಥ ಚಿಪ್ಪುಗಳಿವೆ. ಚಿಪ್ಪು ಮತ್ತು ಜಿರ್ಕಾನ್ ಎರಡೂ ಸೇರಿ ಹೇಳುವ ಕಾಲ ಸುಮಾರು 5.9 ಕೋಟಿ ವರ್ಷ. ಇದು ಮುಟ್ಟಿದ ತಾರೀಕು.

ಮುಚ್ಚಿದ್ದು ಆಮೇಲೆ. ಲಡಾಖಿನ ಝನ್ಸ್ಕಾರಿನಲ್ಲಿ ನುಮ್ಮುಲೈಟ್ ಸುಣ್ಣಕಲ್ಲಿನ ಮೇಲೆ ಚುಲುಂಗ್ ಲಾ ಎಂಬ ಕೆಂಪು ಪದರ ಕೂತಿದೆ. ಅದರಲ್ಲಿ ಜ್ವಾಲಾಮುಖಿಯ ಚೂರು, ಸಮುದ್ರ ತಳದ ಕಲ್ಲಿನ ಚೂರು. ಸುಮಾರು 5 ಕೋಟಿ ವರ್ಷದ ಹೊತ್ತಿಗೆ ಅಲ್ಲಿ ತಿಳಿಯಾದ ಸಮುದ್ರ ಮುಗಿದಿತ್ತು. ಎವರೆಸ್ಟಿನ ಉತ್ತರದ ಟಿಂಗ್ರಿ ಭಾಗದಲ್ಲಿ ಮಾತ್ರ ಜಗಳ ಇದೆ. ಒಂದು ತಂಡ ಅಲ್ಲಿನ ಕೊನೆಯ ಸಮುದ್ರ ಪದರಕ್ಕೆ ಸುಮಾರು 5 ಕೋಟಿ ಅನ್ನುತ್ತದೆ. ಇನ್ನೊಂದು ತಂಡ ಅದೇ ಭಾಗದ ಸೂಕ್ಷ್ಮ ಪಳೆಯುಳಿಕೆ ನೋಡಿ 3.5 ಕೋಟಿ ಹತ್ತಿರ ತರುತ್ತದೆ. ಒಂದೇ ಗುಡ್ಡ, ಒಂದೂವರೆ ಕೋಟಿ ವರ್ಷದ ವ್ಯತ್ಯಾಸ.

ಇದಕ್ಕೆ ಸಮುದ್ರ ತಳದ ಲೆಕ್ಕವೂ ಜೊತೆಗೆ ಬರುತ್ತದೆ. ಹಿಂದೂ ಮಹಾಸಾಗರದಲ್ಲಿ ಹೊಸ ತಳ ಹುಟ್ಟುತ್ತ ಹೋದಂತೆ ಒಂದರ ಪಕ್ಕ ಒಂದು ಮೂಡಿದ ಅಯಸ್ಕಾಂತದ ಪಟ್ಟಿಗಳನ್ನು ಅಳೆದು ಪಾತ್ರಿಯಾ ಮತ್ತು ಅಶಾಶ್ ಎಂಬ ಇಬ್ಬರು 1984ರಲ್ಲಿ ತೋರಿಸಿದ್ದರು. ಭಾರತ ಮೊದಲು ವರ್ಷಕ್ಕೆ 15 ಸೆಂಟಿಮೀಟರಿಗಿಂತ ಜಾಸ್ತಿ ವೇಗದಲ್ಲಿ ಉತ್ತರಕ್ಕೆ ಓಡುತ್ತಿತ್ತು, ಹೆಚ್ಚುಕಡಿಮೆ ಒಂದು ಗೇಣು. 5 ಕೋಟಿ ವರ್ಷದ ಹಿಂದೆ ಅದು ಸುಮಾರು 5 ಸೆಂಟಿಮೀಟರಿಗೆ ಇಳಿಯಿತು. ಮೂರು ಬೆರಳಗಲ. ಏನೋ ಅಡ್ಡ ಬಂತು ಅಂತ ಅರ್ಥ ಅಲ್ವಾ?

ನೆಲದ ಪ್ರಾಣಿಗಳ ಪಳೆಯುಳಿಕೆಯನ್ನೂ ಸಾಕ್ಷಿಯಾಗಿ ತರುತ್ತಾರೆ. ಸೂರತ್ ಹತ್ತಿರದ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5.4 ಕೋಟಿ ವರ್ಷದ ಸಸ್ತನಿಗಳು ಸಿಕ್ಕಿವೆ. ಕುದುರೆ, ಘೇಂಡಾಮೃಗಗಳ ಪೂರ್ವಜರಿಗೆ ಹತ್ತಿರದವು. ಈ ಸಾಕ್ಷಿಯ ಮೇಲೆ ನನಗೆ ಭರವಸೆ ಕಡಿಮೆ. ಪ್ರಾಣಿ ದ್ವೀಪದಿಂದ ದ್ವೀಪಕ್ಕೆ ದಾಟಿ ಬರಬಹುದು, ಖಂಡ ಮುಟ್ಟುವವರೆಗೆ ಕಾಯುವುದಿಲ್ಲ. ಮರಳಿನ ಕಾಳಿಗೆ ಅಂಥ ಉಪಾಯ ಗೊತ್ತಿಲ್ಲ. ಅದು ಹೊಳೆ ಹರಿದ ಕಡೆಗೇ ಹೋಗುತ್ತದೆ.

ಹಾಗಾದರೆ ಅಜ್ಜನ ಕಲ್ಲು ಈ ಕಥೆಯಲ್ಲಿ ಎಲ್ಲಿ ಬರುತ್ತದೆ? ಇದು ನನಗೂ ಚೂರು ಹೊತ್ತು ತಗೊಂಡಿತು. ಸುಬಾಥು ಪದರಗಳ ಮರಳಿನ ಭಾಗದಲ್ಲಿ ಕ್ರೋಮಿಯಂ ಇರುವ ಸ್ಪಿನೆಲ್ ಹರಳುಗಳೂ ಜ್ವಾಲಾಮುಖಿಯ ಚೂರುಗಳೂ ಸಿಕ್ಕಿವೆ. ಯಾನಿ ನಜ್ಮನ್ ಮತ್ತು ಎದ್ವಾರ್ದೊ ಗಾರ್ಜಾಂತಿ ಎಂಬ ಭೂವಿಜ್ಞಾನಿಗಳು ಇದನ್ನು ವಿವರವಾಗಿ ಬರೆದಿದ್ದಾರೆ. ಆ ಸ್ಪಿನೆಲ್ ಬರುವುದು ಹಳೆಯ ಸಮುದ್ರ ತಳದ ಕಲ್ಲು ಮೇಲಕ್ಕೆದ್ದು ಸವೆದಾಗ. ಅಂದರೆ ಸುಬಾಥು ಸಮುದ್ರದಲ್ಲಿ ನುಮ್ಮುಲೈಟ್ ಬದುಕಿದ್ದಾಗಲೇ ಉತ್ತರದಲ್ಲಿ ಡಿಕ್ಕಿ ಶುರುವಾಗಿತ್ತು. ಖಂಡದ ಅಂಚು ಭಾರಕ್ಕೆ ಬಾಗಿ ಆದ ತಗ್ಗಿನಲ್ಲಿ ನಿಂತ ಸಮುದ್ರ ಅದು. ನಮ್ಮ ಹುಡುಗನ ಕಲ್ಲು ಡಿಕ್ಕಿಯ ಹಿಂದಿನ ದಿನದ್ದಲ್ಲ. ಡಿಕ್ಕಿ ನಡೆಯುತ್ತಿದ್ದಾಗಿನದು.

ಇದೇ ಸುಬಾಥು ಪದರದಿಂದ 1998ರಲ್ಲಿ ಒಂದು ದವಡೆ ವರದಿಯಾಯಿತು. ಹಿಮಾಲಯಸೀಟಸ್ ಎಂದು ಹೆಸರಿಟ್ಟರು. ತಿಮಿಂಗಿಲದ ಪೂರ್ವಜ. ಕಲ್ಲು ತಂದ ಹುಡುಗನಿಗೆ ಇದನ್ನು ಹೇಳಿದ ದಿನ ಅವನು ರಾತ್ರಿ ಹಾಸ್ಟೆಲಿಗೆ ಹೋಗಲು ತಡ ಮಾಡಿಕೊಂಡ.

ಇಷ್ಟೆಲ್ಲ ಆದ ಮೇಲೂ ಒಬ್ಬ ಕೇಳಿದ, "ಹಂಗಾದ್ರ ಒಂದು ತಾರೀಕು ಹೇಳ್ರಿ ಸರ್". ಹುಬ್ಬಳ್ಳಿ ಧಾರವಾಡ ಯಾವಾಗ ಒಂದಾದವು ಅಂತ ನಾನು ಅವನಿಗೇ ಕೇಳಿದೆ. 1962ರಲ್ಲಿ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ ಬಂತು. ಆಗ ನಡುವೆ ಹೊಲಗಳೇ ಜಾಸ್ತಿ. ನವನಗರ ಎದ್ದದ್ದು ಆಮೇಲೆ. ಈಗ ರಸ್ತೆಯುದ್ದಕ್ಕೂ ಕಟ್ಟಡ. ಯಾವುದನ್ನು ಒಂದಾದದ್ದು ಅನ್ನುತ್ತೀರಿ ಅನ್ನುವುದರ ಮೇಲೆ ಇಸವಿ ಬದಲಾಗುತ್ತದೆ. ಖಂಡಗಳ ಡಿಕ್ಕಿಗೆ 5.9 ಕೋಟಿ ಅನ್ನುವವರೂ 5 ಕೋಟಿ ಅನ್ನುವವರೂ ಎಷ್ಟೋ ಸಲ ಬೇರೆ ಬೇರೆ ಘಟನೆಯ ಬಗ್ಗೆ ಮಾತಾಡುತ್ತಿರುತ್ತಾರೆ.

ಮುಂಡರಗಿಯ ಹುಡುಗಿಯ ಪ್ರಶ್ನೆ

ಮೂರನೇ ಭಾನುವಾರ ಅವನ ತಂಡದ ಹುಡುಗಿಯೊಬ್ಬಳು ಬಂದಳು. ಮುಂಡರಗಿ ಕಡೆಯವಳು. ಚೀಲದಿಂದ ಒಂದು ಕಲ್ಲು ತೆಗೆದಿಟ್ಟಳು. ಕಪ್ಪತಗುಡ್ಡದ ಬುಡದಲ್ಲಿ ಅವರ ಹೊಲ. ಬಾವಿ ತೋಡಿದಾಗ ಬಂದ ಕಲ್ಲು. ಗುಡ್ಡದ ಒಳಗಿನದಲ್ಲ ಅಂತ ಮೊದಲೇ ಕೇಳಿ ತಿಳಿದುಕೊಂಡೆ. 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿಂದ ಕಲ್ಲು ತರಬಾರದು.

"ನಮ್ಮ ಗುಡ್ಡಕ್ಕೂ ಹಿಂಗ ತಾರೀಕು ಹಾಕಬಹುದೇನ್ರಿ ಸರ್? ಇದರಾಗ ಏನೂ ಹುಳ ಕಾಣವಲ್ದು."

ಕಾಣುವುದೂ ಇಲ್ಲ. ಅವಳ ಕೈಯಲ್ಲಿದ್ದ ಕಲ್ಲು ಗ್ರೇವ್ಯಾಕ್, ಅಂದರೆ ಮಣ್ಣು ಬೆರೆತ ಮರಳುಗಲ್ಲು. ಬೂದು ಹಸಿರು, ಭಾರ, ಒರಟು. ಗದಗ, ಶಿರಹಟ್ಟಿ, ರಾಣೆಬೆನ್ನೂರು ಭಾಗದಲ್ಲಿ ಇದು ಧಾರಾಳ. ಇದಕ್ಕೆ ವಯಸ್ಸು 260 ಕೋಟಿ ವರ್ಷದ ಆಸುಪಾಸು. ಆಗ ಚಿಪ್ಪು ಕಟ್ಟುವ ಜೀವಿಯೇ ಭೂಮಿ ಮೇಲೆ ಇರಲಿಲ್ಲ. ಚಿತ್ರದುರ್ಗ, ಶಿವಮೊಗ್ಗ ಕಡೆಯ ಇದೇ ಕುಟುಂಬದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಇವೆ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳು. ಆದರೆ ಅವು ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಉಳಿದವು. ರೂಪ ಬದಲಿಸದ ಜೀವಿಯಿಂದ ಕಾಲ ಹೇಳಲು ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಈ ಕಲ್ಲುಗಳ ಇಡೀ ಕುಟುಂಬಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟ. ಜಗತ್ತಿನ ಯಾವ ಮೂಲೆಯಲ್ಲಿ ಹಳೇ ಕಲ್ಲಿನ ಮಾತು ಬಂದರೂ ಧಾರವಾಡದ ಹೆಸರು ಬರುತ್ತದೆ. ಇಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಅದು ಗೊತ್ತೇ ಇಲ್ಲ. ನನಗೆ ಅದು ನೋವಿನ ವಿಷಯ.

ಹುಳ ಇಲ್ಲದಿದ್ದರೂ ಅವಳ ಕಲ್ಲು ಮಾತಾಡುತ್ತದೆ. ಒದ್ದೆ ಮಾಡಿ ಬಿಸಿಲಿಗೆ ಹಿಡಿದೆವು. ಒಂದು ಪಟ್ಟಿಯಲ್ಲಿ ರವೆಯಂಥ ಕಾಳು, ಅದು ಸಣ್ಣಗಾಗುತ್ತ ಹೋಗಿ ಹಿಟ್ಟಿನಂತಾಗುತ್ತದೆ. ತಕ್ಷಣ ಮತ್ತೆ ರವೆ. ಮತ್ತೆ ಹಿಟ್ಟು. ನಾಲ್ಕು ಬೆರಳಗಲದಲ್ಲಿ ಇಂಥ ಮೂರು ಸುತ್ತು. ಹುಡುಗಿಗೆ ಒಂದು ಹಾರ್ಲಿಕ್ಸ್ ಬಾಟಲಿ ಕೊಟ್ಟು, ಹಳ್ಳದ ಮರಳು, ಹೊಲದ ಎರೆ ಮಣ್ಣು, ನೀರು ಹಾಕಿ ಜೋರಾಗಿ ಅಲುಗಾಡಿಸಿ ಇಡಲು ಹೇಳಿದೆ. ಮರಳು ಕ್ಷಣದಲ್ಲಿ ಕೂತಿತು. ನಯ ಮಣ್ಣು ಕೂರಲು ರಾತ್ರಿಯೆಲ್ಲ ಬೇಕಾಯಿತು. ಬೆಳಿಗ್ಗೆ ಬಾಟಲಿಯಲ್ಲಿ ಅವಳ ಕಲ್ಲಿನದೇ ಚಿತ್ರ ಇತ್ತು.

ಸಮುದ್ರದ ಇಳಿಜಾರಿನಲ್ಲಿ ಮಣ್ಣು ಮರಳು ಒಮ್ಮೆಲೇ ಕುಸಿದು ಆಳಕ್ಕೆ ಇಳಿದಾಗ ಹೀಗೆ ಕೂರುತ್ತದೆ. ರವೆ ಇರುವ ಕಡೆ ಕೆಳಗೆ, ಹಿಟ್ಟು ಇರುವ ಕಡೆ ಮೇಲೆ. ಕಪ್ಪತಗುಡ್ಡದಲ್ಲಿ ಪದರಗಳು ಹಲವು ಕಡೆ ನೆಟ್ಟಗೆ ನಿಂತಿವೆ, ಕೆಲವು ಕಡೆ ತಲೆಕೆಳಗೂ ಆಗಿವೆ. ಈ ರವೆ ಹಿಟ್ಟಿನ ಗುರುತು ಇಲ್ಲದಿದ್ದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಹೇಳುವುದೇ ಆಗುತ್ತಿರಲಿಲ್ಲ. ಕಾಳುಗಳೂ ನುಣುಪಾಗಿಲ್ಲ, ಮೂಲೆ ಮೂಲೆ ಇವೆ. ಹತ್ತಿರದ ಎತ್ತರದ ನೆಲದಿಂದ ಬೇಗ ಬಂದು ಬಿದ್ದವು.

ವಯಸ್ಸಿಗೆ ಇಲ್ಲಿ ಪಳೆಯುಳಿಕೆಯ ಕೆಲಸವನ್ನು ಜಿರ್ಕಾನ್ ಮಾಡುತ್ತದೆ. ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಆಮೇಲೆ ಒಳಗೆ ಕಾಣುವ ಸೀಸವೆಲ್ಲ ಯುರೇನಿಯಂ ಸವೆದು ಆದದ್ದು. ಯುರೇನಿಯಂ 238 ಅರ್ಧ ಆಗಲು 447 ಕೋಟಿ ವರ್ಷ, ಯುರೇನಿಯಂ 235 ಅರ್ಧ ಆಗಲು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು.

ಆದರೆ ಮರಳಿನೊಳಗಿನ ಜಿರ್ಕಾನ್ ಆ ಮರಳು ಕೂತ ಕಾಲ ಹೇಳುವುದಿಲ್ಲ, ತಾನು ಹುಟ್ಟಿದ ಕಾಲ ಹೇಳುತ್ತದೆ. ಹಳೇ ವಾಡೆಯ ಮಣ್ಣಿನ ಗೋಡೆ ಕೆಡವುವಾಗ ಅದರೊಳಗೆ ಮೂರು ಕಾಸು ಸಿಕ್ಕವು ಅನ್ನಿ. 1862, 1901, 1940. ಗೋಡೆ ಕಟ್ಟಿದ್ದು 1940ರ ಈಚೆಗೆ ಅಂತ ಮಾತ್ರ ಹೇಳಬಹುದು. ಎಲ್ಲಕ್ಕಿಂತ ಕಿರಿಯ ಕಾಸೇ ಲೆಕ್ಕಕ್ಕೆ ಬರುವುದು. ಹಾಗೇ ಪದರದ ಅತಿ ಕಿರಿಯ ಜಿರ್ಕಾನ್ ಒಂದು ಕಡೆಯ ಗಡಿ. ಪದರಗಳ ನಡುವೆ ಜ್ವಾಲಾಮುಖಿಯ ಕಲ್ಲು ಇದ್ದರೆ ಇನ್ನೂ ಒಳ್ಳೆಯದು, ಅದು ಕೂತ ಕಾಲವನ್ನೇ ಹೇಳುತ್ತದೆ. ನಮ್ಮ ಭಾಗದ 260 ಕೋಟಿಯ ಅಂಕಿ ಬಂದದ್ದು ಇಂಥ ಹರಳುಗಳಿಂದ.

ಇನ್ನೊಂದು ಕಡೆಯ ಗಡಿಗೆ, ಮಡಚಿದ ಪದರಗಳನ್ನು ಕೊರೆದು ಒಳನುಗ್ಗಿದ ಗ್ರಾನೈಟ್ ಬೇಕು. ರಾಮನಗರದಿಂದ ತುಂಗಭದ್ರೆಯ ಕಡೆಗೆ ಉದ್ದಕ್ಕೆ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 252 ಕೋಟಿ ವರ್ಷ. ಕರ್ನಾಟಕದ ಪಶ್ಚಿಮದ ಹಳೇ ನೆಲ 300 ಕೋಟಿ ವರ್ಷಕ್ಕೂ ಹಿಂದಿನದು, ಪೂರ್ವದ ನೆಲ ಬಹುಪಾಲು 270ರಿಂದ 250 ಕೋಟಿಯದು. ಎರಡರ ನಡುವಿನ ಗೆರೆ ಚಿತ್ರದುರ್ಗದ ಧಾರವಾಡ ಕಲ್ಲುಗಳ ಪಟ್ಟಿಯ ಪೂರ್ವ ಅಂಚಿನಲ್ಲಿ ಬಂದು ಗದಗಿನ ಕಡೆ ಸಾಗುತ್ತದೆ. ಈ ಎರಡು ತುಂಡು ನೆಲ 260 ಮತ್ತು 250 ಕೋಟಿಯ ನಡುವೆ ಒಂದಕ್ಕೊಂದು ಒತ್ತಿಕೊಂಡು ಸೇರಿದವು ಅನ್ನುವುದು ಬಹಳ ಜನರ ಅಭಿಪ್ರಾಯ. ಚಾಡ್ವಿಕ್, ವಾಸುದೇವ್, ಹೆಗಡೆ ಎಂಬ ಮೂವರು 2000ದಲ್ಲಿ ಇದನ್ನು ಓರೆಯಾಗಿ ಬಂದು ಒತ್ತಿದ ಕಥೆಯಾಗಿ ಬಿಡಿಸಿಟ್ಟಿದ್ದರು. ಅಷ್ಟು ಹಿಂದೆ ಈಗಿನ ಹಾಗೆ ಭೂಫಲಕಗಳು ಓಡಾಡುತ್ತಿದ್ದವೇ ಅಂತ ಅನುಮಾನ ಪಡುವವರೂ ಇದ್ದಾರೆ. ಕೆಳಗಿನಿಂದ ಬಿಸಿ ಎದ್ದು ಬಂದದ್ದೇ ಸಾಕು ಅಂತ ಅವರ ವಾದ. ನನಗೆ ಮೊದಲ ಗುಂಪಿನ ಮಾತು ಜಾಸ್ತಿ ಒಪ್ಪಿಗೆ. ಕಾರಣ ಇದೇ ಗ್ರೇವ್ಯಾಕ್. ಎತ್ತರದ ನೆಲ ಬೇಗ ಬೇಗ ಸವೆದು ಪಕ್ಕದ ಆಳ ಸಮುದ್ರಕ್ಕೆ ಬಿದ್ದ ಇಂಥ ರಾಶಿ, ನೆಲ ನೆಲಕ್ಕೆ ಒತ್ತಿಕೊಳ್ಳುವ ಕಡೆ ಸಹಜವಾಗಿ ಸಿಗುತ್ತದೆ.

ಹುಡುಗಿ ಲೆಕ್ಕ ಹಾಕಿ ಬೇಸರ ಮಾಡಿಕೊಂಡಳು. ಹಿಮಾಲಯದ ಜಗಳ ಒಂದೂವರೆ ಕೋಟಿ ವರ್ಷದ್ದು, ನಮ್ಮ ಗುಡ್ಡದ ಅಂತರವೇ ಹತ್ತು ಕೋಟಿ. ಅವಳಿಗೆ ನವಿಲುತೀರ್ಥ ತೋರಿಸಬೇಕು ಅನ್ನಿಸಿತು. ಹುಬ್ಬಳ್ಳಿ ಧಾರವಾಡದ ನಲ್ಲಿಗೆ ಮಲಪ್ರಭೆ ನೀರು ಬರುವುದು ಆ ಜಲಾಶಯದಿಂದಲೇ. ಅಲ್ಲಿನ ಗಟ್ಟಿ ಕಲ್ಲಿನ ಪದರಗಳು ಕಲಾದಗಿ ಗುಂಪಿನವು, ಬಾಗಿ ನಿಂತ ಧಾರವಾಡ ಕಲ್ಲುಗಳ ಮೇಲೆ ಹಾಸಿದಂತೆ ಕೂತಿವೆ. ಕೆಳಗಿನದು ಮಡಚಿ, ಎತ್ತಿ, ಸವೆದು ಮಟ್ಟಸವಾದ ಮೇಲೆ ಮೇಲಿನದು ಬಂದಿದೆ. ಆ ಎರಡರ ನಡುವಿನ ಗೆರೆಯಲ್ಲಿ ಕಳೆದುಹೋದ ಕಾಲ ನೂರು ಕೋಟಿ ವರ್ಷದ ಲೆಕ್ಕದ್ದು. ಹಾಸಿದ ಪದರ ಒಂದನ್ನೇ ಗಡಿ ಅಂತ ಹಿಡಿದಿದ್ದರೆ ನಮ್ಮ ಅಂತರ ಅಷ್ಟು ದೊಡ್ಡದಾಗುತ್ತಿತ್ತು. ಗ್ರಾನೈಟ್ ಅದನ್ನು ಹತ್ತು ಕೋಟಿಗೆ ಇಳಿಸಿತು. ಮಲಪ್ರಭೆಯ ದಂಡೆಯಲ್ಲಿ ನಿಂತು ಅವಳು ಇದನ್ನು ಕೇಳಿ, "ಹಂಗಾದ್ರ ಹತ್ತು ಕೋಟಿ ಸಣ್ಣದ ಆತಲ್ರಿ" ಅಂದಳು.

ಚಾರ್ಟು

ಪ್ರದರ್ಶನದ ಚಾರ್ಟಿನಲ್ಲಿ ಕೊನೆಗೆ ಬಂದ ಬರಹ ಇದು, ಹುಡುಗರೇ ಕೂತು ಬರೆದದ್ದು: "ಈ ಕಲ್ಲು 5.8ರಿಂದ 4 ಕೋಟಿ ವರ್ಷದ ನಡುವಿನ ಆಳವಿಲ್ಲದ ಸಮುದ್ರದ್ದು. ಆಗ ಉತ್ತರದಲ್ಲಿ ಡಿಕ್ಕಿ ಶುರುವಾಗಿತ್ತು ಎಂದು ಇದೇ ಗುಂಪಿನ ಮರಳುಗಲ್ಲು ಹೇಳುತ್ತದೆ. ಡಿಕ್ಕಿಯ ಮೊದಲ ದಿನ ಈ ಕಲ್ಲಿನಲ್ಲಿ ಇಲ್ಲ." ಪಕ್ಕದಲ್ಲಿ ಮುಂಡರಗಿಯ ಕಲ್ಲು, ಅದರ ಪಕ್ಕ ಬಾಟಲಿ. "ಆದ್ದರಿಂದ" ಎಲ್ಲೂ ಇರಲಿಲ್ಲ.

ಅರ್ಧ ಕಲ್ಲನ್ನು ಹುಡುಗ ಊರಿಗೆ ಒಯ್ದ. ವಾಪಸ್ ಬರುವಾಗ ಅಜ್ಜ ಕೊಟ್ಟ ಒಂದು ಹಾಳೆ ತಂದ. ಲೆಕ್ಕದ ನೋಟ್‌ಬುಕ್ಕಿನ ಹಾಳೆ. ಅದರಲ್ಲಿ ಪೆನ್ಸಿಲಿನಿಂದ ಆ ರಸ್ತೆ ಬರೆದಿದ್ದರು, ತಿರುವು ತಿರುವಾಗಿ, ಕೆಳಗಿನಿಂದ ಮೇಲಕ್ಕೆ. ಸೇನೆಯಲ್ಲಿ ನಕ್ಷೆ ಬರೆದ ಕೈ, ಗೆರೆ ನಡುಗಿದ್ದರೂ ಅಳತೆ ತಪ್ಪಿರಲಿಲ್ಲ. ಕೆಳಗೆ "ಹಸರು" ಅಂತ ಬರೆದು ಕಲ್ಲು ಸಿಕ್ಕ ಜಾಗಕ್ಕೆ ಗುಣಾಕಾರದ ಗುರುತು. ಮೇಲೆ "ಕೆಂಪು". ಎರಡರ ನಡುವೆ, ನಾವು ಯಾರೂ ಕೇಳದೇ ಇದ್ದ ಒಂದು ತೆಳು ಪಟ್ಟಿ. ಅದರ ಪಕ್ಕ "ಬಿಳಿ ಕಲ್ಲು, ಸುತ್ತಿಗಿಗೆ ಜಗ್ಗಲಿಲ್ಲ" ಅಂತ ಬರೆದಿದ್ದರು.

ಸುಬಾಥು ಮತ್ತು ದಗ್ಶಾಯಿ ನಡುವೆ ಬಿಳಿ ಬೆಣಚು ಮರಳುಗಲ್ಲಿನ ಪಟ್ಟಿ ಇರುವುದು ನಿಜ. ಆ ಕೆಂಪು ಪದರದ ಮರಳಿನಲ್ಲಿ ಸಿಕ್ಕ ಅತಿ ಕಿರಿಯ ಕಾಳುಗಳಿಗೆ ಸುಮಾರು 3.1 ಕೋಟಿ ವರ್ಷ. ಹಸಿರಿನಿಂದ ಕೆಂಪಿಗೆ ಹೋಗುವಷ್ಟರಲ್ಲಿ ಸಮುದ್ರ ಹೋಗಿ ಹಿಮಾಲಯದಿಂದ ಇಳಿದ ಹೊಳೆಗಳು ಬಂದಿದ್ದವು, ನಡುವೆ ಕೋಟಿ ವರ್ಷಕ್ಕಿಂತ ಜಾಸ್ತಿ ಕಾಲದ ಲೆಕ್ಕವೇ ಸಿಗುವುದಿಲ್ಲ. ಹುಡುಗ ಆ ಹಾಳೆಯನ್ನು ಅಂಟಿಸಲು ಚಾರ್ಟಿನ ಎಡಗಡೆ ಜಾಗ ಮಾಡಿದ. ಬಿಳಿ ಪಟ್ಟಿಗೆ ಬಣ್ಣ ಹಚ್ಚದೆ ಹಾಗೇ ಬಿಟ್ಟ.